ಕಂಬಳಿ ಹೊದ್ದ ಕಂಪ್ಯೂಟರ್

ನಮ್ಮ ಮನೆಯಲ್ಲಿ ಆಯುಧ ಪೂಜೆಗೆ ಒಂದು ಕಟ್ಟುಪಾಡಿದೆ. ಯಾರ ಆಯುಧವೋ ಅವರೇ ತೊಳೆಯಬೇಕು. ಕತ್ತಿ ಹಿಡಿಯುವವರು ಕತ್ತಿ ತೊಳೆಯಬೇಕು, ಕಳೆ ಹೊಡೆಯುವವರು ಕಳೆ ಮೆಷಿನ್ನು, ನನ್ನ ಗಂಡ ಜೀಪು, ಅತ್ತೆ ಈಳಿಗೆಮಣೆ. ಬೇರೆಯವರು ತೊಳೆದುಕೊಟ್ಟ ಆಯುಧ ಒಡೆಯನ ಮಾತು ಕೇಳುವುದಿಲ್ಲ ಎಂದು ಮಾವ ಹೇಳುತ್ತಿದ್ದರು. ಆಲೂರು ಕಡೆಯಿಂದ ಬೆಳಗೋಡಿನ ಹತ್ತಿರದ ಈ ಮನೆಗೆ ಸೊಸೆಯಾಗಿ ಬಂದ ಮೊದಲ ವರ್ಷ, ಗಂಡನಿಂದ ಶಹಭಾಸ್ ಅನ್ನಿಸಿಕೊಳ್ಳೋಣವೆಂದು ಜೀಪಿಗೆ ನೀರು ಹೊಯ್ಯಲು ಹೋಗಿ ಬೈಸಿಕೊಂಡಿದ್ದೆ.

ಕಂಪ್ಯೂಟರ್ ಬಂದ ಮೇಲೆ ಈ ಕಟ್ಟುಪಾಡಿಗೇ ತೊಡಕಾಯಿತು. ಅದು ಯಾರ ಆಯುಧ? ತಂದಿದ್ದು ನನಗಾಗಿ. ಸಕಲೇಶಪುರದ ಒಂದು ಪ್ರೆಸ್ಸಿನವರು ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡುಗಳ ಒಕ್ಕಣೆಯನ್ನು ಫೋನಿಗೆ ಕಳಿಸುತ್ತಾರೆ, ನಾನು ಮನೆಯಲ್ಲೇ ಕೂತು ಟೈಪ್ ಮಾಡಿ ಕೊಡುತ್ತೇನೆ. ಆದರೆ ಅದರಲ್ಲಿ ನನ್ನ ಗಂಡ ಕಾಫಿ ರೇಟು ನೋಡುತ್ತಾರೆ. ರಜೆಗೆ ಬಂದ ನಾದಿನಿಯ ಮಕ್ಕಳು ಕಾರು ಓಡಿಸುವ ಆಟ ಆಡುತ್ತವೆ. ಎಲ್ಲರ ಆಯುಧ ಅಂದರೆ ಯಾರ ಆಯುಧವೂ ಅಲ್ಲ ಅಂತಲೇ ಲೆಕ್ಕ. ಹಾಗಾಗಿ ಪ್ರತಿ ವರ್ಷ ಅದಕ್ಕೆ ಕುಂಕುಮ ಬಿತ್ತು, ಚೆಂಡು ಹೂವು ಬಿತ್ತು, ಮುಂದೊಂದು ನಿಂಬೆಹಣ್ಣೂ ಬಿತ್ತು. ಬಟ್ಟೆ ಹಿಡಿದು ಒರೆಸಿದವರು ಮಾತ್ರ ಯಾರೂ ಇಲ್ಲ.

ಅದನ್ನು ನಿಜವಾಗಿ ಬಳಸುತ್ತಿದ್ದವರು ಮಾವ. ಅದು ನನಗೆ ಹೊಳೆಯದೇ ಇದ್ದದ್ದೇ ಈ ಕಥೆ.

ಮಾವ ಬದುಕಿನ ಹೆಚ್ಚು ಪಾಲು ದೋಣಿಗಲ್ ಕಡೆಯ ಎಸ್ಟೇಟೊಂದರಲ್ಲಿ ರೈಟರ್ ಆಗಿದ್ದವರು. ಬೆಳಿಗ್ಗೆ ಸ್ಟೋರಿನ ಮುಂದೆ ನಿಂತು ಹಾಜರಿ ಕೂಗುವುದು, ಯಾರು ಯಾವ ತೋಟಕ್ಕೆ ಎಂದು ಕೆಲಸ ಹಂಚುವುದು ಅವರ ಜವಾಬ್ದಾರಿ. ಆ ದನಿ ಕೂಲಿಯಾಳುಗಳ ಲೈನ್ ಮನೆಗಳ ಕೊನೆಯ ಬಾಗಿಲಿನವರೆಗೂ ಕೇಳುತ್ತಿತ್ತೆಂದು ಅತ್ತೆ ಈಗಲೂ ಹೆಮ್ಮೆಯಿಂದ ಹೇಳುತ್ತಾರೆ. ಆ ಕೆಲಸ ಬಿಟ್ಟು ನಮ್ಮದೇ ಸಣ್ಣ ತೋಟ ನೋಡಿಕೊಂಡು ಕೂತ ಮೇಲೂ ಅಭ್ಯಾಸ ಹೋಗಲಿಲ್ಲ. ಸಂಜೆ ಕಾಫಿ ಕುಡಿದು ಲೋಟ ಕೆಳಗಿಟ್ಟ ಕೂಡಲೇ ಗಂಟಲು ಸರಿಮಾಡಿಕೊಂಡು "ನಾಳಿನ ಕೆಲಸ" ಎನ್ನುವರು. ಕೆಲಸಕ್ಕೆ ಬರುವವರು ಬೆರಳೆಣಿಕೆಯ ಮಂದಿ. ಅವರು ಎಲ್ಲಿಗೆ ಹೋಗಬೇಕೆಂಬುದು ನನ್ನ ಗಂಡನಿಗೂ ಗೊತ್ತಿರುತ್ತಿತ್ತು. ಆದರೂ ಮಾವ ಹೇಳಿ ಮುಗಿಸುವ ತನಕ ಯಾರೂ ಜಗಲಿಯಿಂದ ಏಳುತ್ತಿರಲಿಲ್ಲ.

ಆಮೇಲೆ ಅವರಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ತಿಂಗಳುಗಟ್ಟಲೆ ಔಷಧ, ಎಣ್ಣೆ ತಿಕ್ಕುವುದು ಎಲ್ಲ ಆಗಿ ಕಾಲು ವಾಪಸು ಬಂತು, ಬುದ್ಧಿಗಂತೂ ಏನೂ ಆಗಿರಲಿಲ್ಲ, ಮಾತು ಮಾತ್ರ "ಹೂಂ", "ಹ್ಞೂಹ್ಞೂಂ" ಎಂಬಲ್ಲಿಗೇ ನಿಂತಿತು. ಸಂಜೆ ಲೋಟ ಕೆಳಗಿಟ್ಟು ಬಾಯಿ ತೆರೆಯುವರು, ಏನೂ ಬಾರದೆ ಮುಚ್ಚುವರು. ನೋಡಲಾರದೆ ಅತ್ತೆ ಎದ್ದು ಒಳಗೆ ಹೋಗಿಬಿಡುತ್ತಿದ್ದರು.

ಎಸ್ಟೇಟಿನ ಆಫೀಸಿಗೆ ಕೊನೆಕೊನೆಗೆ ಕಂಪ್ಯೂಟರ್ ಬಂದಾಗ ಮಾವ ಒಂದಿಷ್ಟು ಒತ್ತಿ ಕಲಿತಿದ್ದರು. ಅದು ನೆನಪಾಗಿ ನಾನು ಕೀಲಿಮಣೆಯ ಒಂದೊಂದು ಕೀಲಿಯ ಮೇಲೂ ಕನ್ನಡ ಅಕ್ಷರ ಬರೆದ ಚೀಟಿ ಅಂಟಿಸಿ, ಮೇಲೆ ಟೇಪು ಹಾಕಿ, ಪರದೆಯ ಮೇಲಿನ ಅಕ್ಷರವನ್ನು ಅವರೆಕಾಯಿ ಗಾತ್ರ ಮಾಡಿ ಅವರ ಮುಂದಿಟ್ಟೆ. ಎಡಗೈಯ ತೋರುಬೆರಳಲ್ಲಿ ಅವರು ಮೊದಲು ಒತ್ತಿದ್ದು ಏನು ಅಂತೀರಿ? "ನಾಳಿನ ಕೆಲಸ".

ಅಂದಿನಿಂದ ನಮ್ಮ ಸಂಜೆಯ ಸಭೆ ಜಗಲಿಯಿಂದ ಕಂಪ್ಯೂಟರಿನ ಮುಂದಕ್ಕೆ ಬಂತು. ಮಾವ ಬೆತ್ತದ ಕುರ್ಚಿಯಲ್ಲಿ, ನಾವು ಮೂವರು ಹಿಂದಿನ ಬೆಂಚಿನ ಮೇಲೆ. ಆ ಹೊತ್ತಿಗಾಗಲೇ ಕಂಪ್ಯೂಟರು ಎಷ್ಟು ಮಂದವಾಗಿತ್ತೆಂದರೆ ಕೀಲಿ ಒತ್ತಿ ಬಹಳ ಹೊತ್ತಾದ ಮೇಲೆ ಅಕ್ಷರ ಮೂಡುತ್ತಿತ್ತು. ಕೆಲವು ಸಲ ಪರದೆಯ ಮೇಲೆ, ಕಾಯಿರಿ ಎನ್ನುವ ಆ ಉಂಗುರ ಗಾಣದೆತ್ತಿನ ಹಾಗೆ ಸುತ್ತುತ್ತಲೇ ಇರುತ್ತಿತ್ತು. "ಥೂ, ದರಿದ್ರ ಡಬ್ಬ" ಎಂದು ನನ್ನ ಗಂಡ ಬೈಯುವರು. ಅತ್ತೆ, "ಅದಕ್ಕೂ ವಯಸ್ಸಾಯ್ತಲ್ಲ, ಬುಡು" ಎನ್ನುವರು. ಮಾವನೂ ಅದರ ತಲೆಗೊಂದು ಮೊಟಕಿ, ಬಾಯಿಯ ಒಂದೇ ಬದಿಯಲ್ಲಿ ನಗುವರು. ಅಕ್ಷರ ಬರುವುದರೊಳಗೆ ನಾವು ಊರಿನ ಸುದ್ದಿ, ಆನೆ ಯಾರ ಗದ್ದೆಗೆ ಇಳಿಯಿತೆಂಬ ಸುದ್ದಿ ಎಲ್ಲ ಮಾತಾಡಿ ಮುಗಿಸುತ್ತಿದ್ದೆವು. ಒಂದು ಸಾಲು ಆಗುವಷ್ಟರಲ್ಲಿ ಕಾಫಿ ಎರಡನೇ ಸಲ ಬರುತ್ತಿತ್ತು. ಯಾರಿಗೂ ಬೇಸರವಿರಲಿಲ್ಲ, ನನ್ನೊಬ್ಬಳಿಗೆ ಬಿಟ್ಟರೆ.

ನನ್ನ ಸ್ವಭಾವವೇ ಅಂಥದು. ಹಾಲು ಉಕ್ಕುವುದನ್ನು ಕಾಯಲಾರೆ, ಉರಿ ಜೋರು ಮಾಡುತ್ತೇನೆ. ಯಾರಾದರೂ ಕಥೆ ಹೇಳುತ್ತಿದ್ದರೆ ಕೊನೆ ನಾನೇ ಹೇಳಿಬಿಡುತ್ತೇನೆ. "ಆತುರಗಾರನಿಗೆ ಬುದ್ಧಿ ಮಟ್ಟ" ಎಂದು ನನ್ನ ಗಂಡ ದಿನಕ್ಕೊಮ್ಮೆಯಾದರೂ ಹೇಳುತ್ತಾರೆ, ಅದನ್ನೂ ಪೂರ್ತಿ ಹೇಳಲು ನಾನು ಬಿಡುವುದಿಲ್ಲ. ಇಂಥವಳಿಗೆ ಒಂದು ಲಗ್ನಪತ್ರಿಕೆಯ ಕಡತ ತೆರೆಯುವುದರೊಳಗೆ ಆ ಮದುವೆಯೇ ಮುಗಿದುಹೋಗುತ್ತದೋ ಏನೋ ಅನ್ನಿಸುವಂಥ ಕಂಪ್ಯೂಟರು ಗಂಟುಬಿದ್ದಿತ್ತು. ಇದನ್ನು ಗುಜರಿಗೆ ಹಾಕಿ ಹೊಸದು ತರೋಣ ಎಂದು ಗಂಡ ಹೇಳಿದಾಗ, ಮೊದಲು ಒಂದು ಸಲ ಬಿಚ್ಚಿ ನೋಡುತ್ತೇನೆ ಅಂದೆ. ಆಯುಧ ಪೂಜೆಯ ಹಿಂದಿನ ದಿನವೇ ಅದಕ್ಕೆ ಸರಿಯಾದ ದಿನ ಅನ್ನಿಸಿತು. "ಇದು ನನ್ನ ಆಯುಧ, ನಾನು ತೊಳೀತೀನಿ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಮಾವ ತಲೆ ಎತ್ತಿ ನನ್ನನ್ನು ನೋಡಿದರು. ಆಯಿತು ಮಾಡು ಅನ್ನುತ್ತಿದ್ದಾರೆ ಅಂದುಕೊಂಡೆ.

ಅದನ್ನು ಬಿಚ್ಚಬೇಕಾದರೆ ಮೊದಲು ಕಂಬಳಿ ಬಿಚ್ಚಬೇಕಿತ್ತು. ಇದನ್ನು ಸ್ವಲ್ಪ ವಿವರಿಸಬೇಕು. ನಮ್ಮ ಕಡೆ ಮಳೆಗಾಲದಲ್ಲಿ ಬೂಷ್ಟು ಹಿಡಿಯದ ವಸ್ತುವಿಲ್ಲ. ಚಪ್ಪಲಿಗೆ, ಬೆಲ್ಟಿಗೆ, ದೇವರ ಪಟದ ಒಳಗಡೆಗೂ ಹಿಡಿಯುತ್ತದೆ. ರೇಷ್ಮೆ ಸೀರೆ ಕೆಡದಿರಲೆಂದು ಬೀರುವಿನೊಳಗೆ ಒಂದು ಬಲ್ಬು ಹಾಕಿ ಉರಿಸುತ್ತೇವೆ. ಕಂಪ್ಯೂಟರು ತಂದ ಮೊದಲ ಮಳೆಗಾಲದಲ್ಲೇ ಅತ್ತೆ, ಸೀರೆಗೆ ಮಾಡುವ ಉಪಚಾರವನ್ನು ಅದಕ್ಕೂ ಮಾಡಿದ್ದರು. ಅಡುಗೆಮನೆಯ ಸೌದೆ ಒಲೆಯ ಹಿಂಬದಿ ಗೋಡೆ ಯಾವಾಗಲೂ ಬೆಚ್ಚಗಿರುತ್ತದೆಂದು ಅದಕ್ಕೇ ಆನಿಸಿ ಮೇಜು ಹಾಕಿಸಿದ್ದರು. ಹಿಂದೆ ಒಂದು ಬಲ್ಬು. ಸಾಲದೆಂದು ಕಂಪ್ಯೂಟರಿನ ಪೆಟ್ಟಿಗೆಯ ಸುತ್ತ ಕಂಬಳಿ. ಮಳೆ ಹೋದರೂ ಕಂಬಳಿ ಹೋಗಿರಲಿಲ್ಲ, ಬಲ್ಬು ಆರಿರಲಿಲ್ಲ. ಬಿಸಿಯೇ ಅದರ ಶತ್ರುವೆಂದು ನಮಗ್ಯಾರಿಗೂ ತಿಳಿದಿರಲಿಲ್ಲ. ಒಳಗಿನ ಫ್ಯಾನು ಯಾವಾಗಲೂ ಗುಂಯ್‌ಗುಡುತ್ತಿದ್ದರೆ, ಚೆನ್ನಾಗಿ ಕೆಲಸ ಮಾಡುತ್ತಿದೆ ಅಂದುಕೊಂಡಿದ್ದೆವು. ಪಾಪ, ಅದು ಉಸಿರು ಕಟ್ಟಿ ಏದುತ್ತಿತ್ತು.

ಫೋನಿನಲ್ಲಿ ಒಂದು ವಿಡಿಯೋ ಹಾಕಿಕೊಂಡು, ಕರೆಂಟಿನ ವಯರು ಕಿತ್ತು, ಪೆಟ್ಟಿಗೆಯನ್ನು ಅಂಗಳಕ್ಕೆ ತಂದು ಸ್ಕ್ರೂ ಬಿಚ್ಚಿದೆ. ಒಳಗೆ ಏನಿತ್ತು ಅನ್ನುವುದಕ್ಕಿಂತ ಏನಿರಲಿಲ್ಲ ಅನ್ನುವುದು ಸುಲಭ. ಒಲೆಯ ಮಸಿ, ಕಣದಿಂದ ಹಾರಿ ಬಂದ ಕಾಫಿ ಹೊಟ್ಟು, ವರ್ಷ ವರ್ಷದ ಪೂಜೆಯ ಚೆಂಡು ಹೂವಿನ ಒಣ ಎಸಳು, ಹಲ್ಲಿಯ ಮೊಟ್ಟೆಯ ಚಿಪ್ಪು. ಪೆನ್‌ಡ್ರೈವ್ ಚುಚ್ಚುವ ಒಂದು ತೂತಿನಲ್ಲಿ ಕುಂಬಾರ ಹುಳ ಅಚ್ಚುಕಟ್ಟಾಗಿ ಮಣ್ಣಿನ ಗೂಡು ಕಟ್ಟಿತ್ತು. ಫ್ಯಾನಿನ ರೆಕ್ಕೆಗಳ ನಡುವೆ ಧೂಳು ಹೆಪ್ಪುಗಟ್ಟಿ ಹತ್ತಿಯ ದಿಂಬಿನಂತಾಗಿತ್ತು. ಬಣ್ಣ ಹಚ್ಚುವ ಹೊಸ ಬ್ರಶ್ಶಿನಿಂದ ಗುಡಿಸಿದೆ, ಸೈಕಲ್ ಪಂಪಿನಿಂದ ಸಂದಿಸಂದಿಗೆ ಗಾಳಿ ಹೊಡೆದೆ, ಮೆಮೊರಿಯ ಪಟ್ಟಿ ಕಿತ್ತು ಅದರ ಹಿತ್ತಾಳೆ ಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ತಿಕ್ಕಿ ಮತ್ತೆ ಕೂರಿಸಿದೆ. ಜಗಲಿಯಲ್ಲಿ ಕೂತ ಮಾವ ನನ್ನ ಕೈಯನ್ನೇ ನೋಡುತ್ತಿದ್ದರು. ಒಂದು ಸಲ ಎಡಗೈ ಮುಂದೆ ಚಾಚಿದರು. ಬ್ರಶ್ಶು ಕೇಳಿದರೋ ಏನೋ, ನಾನು "ಆಯ್ತು ಮಾವ, ಆಗೇಹೋಯ್ತು" ಅಂದು ಕೆಲಸ ಮುಂದುವರಿಸಿದೆ.

ಪೆಟ್ಟಿಗೆ ಮುಚ್ಚಿ ಮನೆಯೊಳಗೆ ತಂದು ಜೋಡಿಸಿ ನೋಡಿದರೆ, ಪರದೆಯೊಳಗಿನ ಕಸ ಪೆಟ್ಟಿಗೆಯದ್ದಕ್ಕಿಂತ ಹೆಚ್ಚಿತ್ತು. ಒಂದಕ್ಕೆ ಎರಡು ವೈರಸ್ ಕಾಯುವ ಪ್ರೋಗ್ರಾಮುಗಳು, ಒಂದೇ ಬಾಗಿಲಿಗೆ ಕಟ್ಟಿದ ಎರಡು ನಾಯಿಗಳಂತೆ ಕಳ್ಳನನ್ನು ಬಿಟ್ಟು ಒಂದನ್ನೊಂದು ಬೊಗಳುತ್ತಿದ್ದವು. ಒಂದನ್ನು ಕಳಿಸಿದೆ. ಮಕ್ಕಳ ಆಟಗಳು, ಯಾರೂ ಕರೆಯದೆ ಕಂಪ್ಯೂಟರ್ ಹಾಕಿದ ಕೂಡಲೇ ತಾವೇ ಎದ್ದು ಕೂರುವ ಏನೇನೋ ಪ್ರೋಗ್ರಾಮುಗಳು, ಎಲ್ಲವಕ್ಕೂ ವಿದಾಯ. ಫೋನಿನಿಂದ ಬಂದು ಸೇರಿದ್ದ ಆನೆಯ ವಿಡಿಯೋಗಳಂತೂ ಲೆಕ್ಕವಿಲ್ಲ. ಅದೇ ಆನೆ, ಅದೇ ಗದ್ದೆ, ಕಳಿಸಿದ ಗುಂಪು ಮಾತ್ರ ಬೇರೆ. ಅಳಿಸಿದ್ದೆಲ್ಲ ಹೋಗಿ ಬೀಳುವ ಕಸದ ಬುಟ್ಟಿಯನ್ನು ಅಲ್ಲಿಯವರೆಗೆ ಒಮ್ಮೆಯೂ ಖಾಲಿ ಮಾಡಿರಲಿಲ್ಲ. ಯಾಕೆಂದರೆ ನನ್ನ ಟೈಪಿಂಗ್ ಮುಗಿಯುವುದು ಕತ್ತಲಾದ ಮೇಲೆ, ಮತ್ತು ದೀಪ ಹಚ್ಚಿದ ಮೇಲೆ ಮನೆಯಿಂದ ಕಸ ಆಚೆ ಹಾಕಬಾರದೆಂದು ಅತ್ತೆ ಒಮ್ಮೆ ಹೇಳಿದ್ದರು. ತಮಾಷೆಗೆ ಹೇಳಿದ್ದೋ ನಿಜಕ್ಕೋ ಗೊತ್ತಿಲ್ಲ, ನಾನಂತೂ ಪಾಲಿಸಿಕೊಂಡು ಬಂದಿದ್ದೆ. ಅವತ್ತು ಹಗಲಿನಲ್ಲೇ ಖಾಲಿ ಮಾಡಿದೆ.

ಎಲ್ಲ ಮುಗಿದ ಮೇಲೆ ಆರಿಸಿ, ಒಲೆ ಗೋಡೆಯಿಂದ ದೂರ, ಕಿಟಕಿಯ ಹತ್ತಿರ ಇಟ್ಟು, ಇನ್ನು ಕಂಬಳಿ ಬೇಡವೆಂದು ಅತ್ತೆಗೆ ಹೇಳಿ, ಮತ್ತೆ ಸ್ವಿಚ್ ಹಾಕಿದೆ. ಒಂದು ತುತ್ತು ನುಂಗುವಷ್ಟರಲ್ಲಿ ಪರದೆ ಸಿದ್ಧವಾಗಿ ಕೂತಿತ್ತು. ಕೀಲಿ ಒತ್ತಿದ್ದೇ ತಡ, ಅಕ್ಷರ. ನನಗೆ ಕುಣಿಯುವಷ್ಟು ಖುಷಿಯಾಯಿತು. "ನೋಡಿದ್ರಾ? ಗುಜರಿಗೆ ಹಾಕ್ತೀನಿ ಅಂದಿದ್ರಲ್ಲ" ಎಂದು ಗಂಡನನ್ನು ಕೆಣಕಿದೆ. "ಒಪ್ಕಂಡೆ ಮಾರಾಯ್ತಿ" ಅಂದರು. ಮಾರನೇ ದಿನ ಪೂಜೆಯಲ್ಲಿ ಅದಕ್ಕೆ ಕುಂಕುಮ ಇಟ್ಟವಳೂ ನಾನೇ, ಹೂವನ್ನು ಮಾತ್ರ ಈ ಸಲ ದೂರ ಇಟ್ಟೆ.

ಹಬ್ಬ ಮುಗಿದ ಮರುದಿನ ಸಂಜೆ ಮಾವ ಕುರ್ಚಿಗೆ ಬಂದು ಕೂತರು. ನಾವು ಬೆಂಚಿಗೆ. ಮಾವ "ನಾ" ಒತ್ತಿದರು, ಟಕ್ಕನೆ ಬಂತು. ನಾನು ಹೆಮ್ಮೆಯಿಂದ ಗಂಡನ ಕಡೆ ನೋಡಿದೆ. ಆಮೇಲೆ ಬೆರಳು ಕೀಲಿಗಳ ಮೇಲೆ ತೇಲುತ್ತಾ "ಳ" ಹುಡುಕಿತು. ಹುಡುಕುತ್ತಲೇ ಇತ್ತು. ಪರದೆಯ ಮೇಲೆ ಉಂಗುರ ಸುತ್ತುತ್ತಿರಲಿಲ್ಲ. ಬೈಯಲು ಏನೂ ಇರಲಿಲ್ಲ. ನಾವು ಮೂವರೂ ಒಂದೇ ಕಡೆ, ಆ ಬೆರಳನ್ನೇ ನೋಡುತ್ತಿದ್ದೆವು. ಅದು ಸಣ್ಣಗೆ ನಡುಗುತ್ತಿತ್ತು. ಅದು ನಡುಗುತ್ತದೆಂಬುದನ್ನು ಅಷ್ಟು ದಿನದಲ್ಲಿ ನಾನು ನೋಡಿಯೇ ಇರಲಿಲ್ಲ.

"ನಾಳಿನ ಕೆಲಸ, ಆಯ್ತು, ಮುಂದಕ್ಕೆ ಹೇಳಿ" ಎಂದು ನನ್ನ ಗಂಡ ಸಹಾಯಕ್ಕೆ ಹೋದರು. ಮಾವ "ಮೆ" ಒತ್ತಿದರು. "ಮೆಣಸಿನ ಬಳ್ಳಿ ಕಟ್ಟಿಸೋದಾ?" "ಹೂಂ." ಸಭೆ ಮುಗಿಯಿತು. ಕಾಫಿ ಎರಡನೇ ಸಲ ಬರಲಿಲ್ಲ.

ಮಾರನೇ ಸಂಜೆ "ಕೆ" ಒತ್ತಿದರು. ಬೆರಳು ಮುಂದಿನ ಅಕ್ಷರಕ್ಕೆ ಹೋಗುವುದರೊಳಗೆ ನಾನೇ ಬಾಯಿ ಹಾಕಿದೆ, "ಕೆಳಗಿನ ತೋಟನಾ ಮಾವ?" ಗಂಡ, "ಕೆಳಗಿನ ತೋಟದ ಕಳೆನಾ?" ಅಂದರು. ಮಾವ ನಮ್ಮಿಬ್ಬರನ್ನೂ ನೋಡಿದರು. ಬೆರಳು ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತು, ಮಡಿಲಿಗೆ ಇಳಿಯಿತು. "ಹೂಂ" ಅಂದರು.

ಕೆಳಗಿನ ತೋಟದ ಕಳೆ ಹಬ್ಬಕ್ಕೆ ಮುಂಚೆಯೇ ಹೊಡೆಸಿ ಆಗಿತ್ತು. ಹೊಡೆಸಿದ್ದು ಮಾವನ ಮಾತಿನ ಮೇಲೆಯೇ. ಅಡುಗೆಮನೆಗೆ ಹೋದ ಮೇಲೆ ನನಗದು ಹೊಳೆಯಿತು. ಜೀವಮಾನವೆಲ್ಲ ಕೆಲಸ ಹಂಚಿದ ಮನುಷ್ಯ, ಕಳೆಯೇ ಇಲ್ಲದ ತೋಟಕ್ಕೆ ಕಳೆ ತೆಗೆಯಲು ಯಾಕೆ ಹೂಂಗುಟ್ಟಿದರು? ಕೀಲಿ ಕೆಟ್ಟಿದೆಯೇ ಎಂದು ಹೋಗಿ ಎಲ್ಲ ಒತ್ತಿ ನೋಡಿದೆ. ಸರಿಯಾಗಿತ್ತು. ಮರುದಿನ ಸಂಜೆ ಮಾವ ಕುರ್ಚಿಗೆ ಬರಲಿಲ್ಲ. ಕಾಫಿ ಲೋಟ ಕೆಳಗಿಟ್ಟು ಸುಮ್ಮನೆ ಅಂಗಳ ನೋಡುತ್ತಾ ಕೂತರು. "ಇವತ್ತು ಏನೂ ಹೇಳದಿಲ್ವಾ?" ಎಂದು ಅತ್ತೆ ಕೇಳಿದರೆ, ಮಗನ ಕಡೆ ಗಲ್ಲ ಎತ್ತಿ ತೋರಿಸಿದರು. ಅವನೇ ನೋಡಿಕೊಳ್ಳಲಿ ಎಂಬಂತೆ. ಅತ್ತೆ ಎದ್ದು ಒಳಗೆ ಹೋದರು, ಲಕ್ವ ಹೊಡೆದ ಹೊಸತರಲ್ಲಿ ಹೋಗುತ್ತಿದ್ದ ಹಾಗೆಯೇ.

ಮಾರನೇ ಬೆಳಿಗ್ಗೆ ಕೆಲಸಕ್ಕೆ ಕೂರೋಣವೆಂದು ಬಂದರೆ ಕಂಪ್ಯೂಟರಿಗೆ ಮತ್ತೆ ಕಂಬಳಿ ಹೊದಿಸಿತ್ತು. ಹಿಂದೆ ಬಲ್ಬು ಉರಿಯುತ್ತಿತ್ತು. ನನಗೆ ರೇಗಿಹೋಯಿತು. ಅಡುಗೆಮನೆಗೆ ನುಗ್ಗಿ, "ಅತ್ತೆ, ಎಷ್ಟು ಸಲ ಹೇಳದು, ಕಂಬಳಿ ಹಾಕಿದ್ರೆ ಕೆಟ್ಟೋಯ್ತದೆ ಅಂತ?" ಅಂದೆ.

ಅತ್ತೆ ರೊಟ್ಟಿ ತಟ್ಟುತ್ತಿದ್ದರು. "ನಾನಲ್ಲ ಕಣವ್ವ" ಅಂದರು. "ನಿಮ್ಮಾವ. ಬೆಳಗಾಗೆದ್ದು ಅದೇ ಕೆಲಸ ಮಾಡ್ತಿದ್ರು. ಒಂದು ಕೈಲಿ ಸುತ್ತಕ್ಕೆ ಆಗ್ದೆ ಒದ್ದಾಡ್ತಿದ್ರು. ನಾನು ಹಿಡ್ಕಳಕ್ಕೆ ಹೋದ್ರೆ ಬ್ಯಾಡ ಅಂತ ತಳ್ಳಿಬುಟ್ರು."

ನಾನು ವಾಪಸು ಬಂದು ಕಂಬಳಿ ನೋಡಿದೆ. ಗಂಟು ಇರಲಿಲ್ಲ, ಒಂದು ಕೈಯಲ್ಲಿ ಗಂಟು ಹಾಕಲಾದೀತೆ? ತುದಿಯನ್ನು ಅಲ್ಲಲ್ಲಿ ತುರುಕಿದ್ದರು. ಅದರ ಮುಂದೆ ಕೂತೆ. ಆಗ ಅರ್ಥವಾಯಿತು. ಇಷ್ಟು ಕಾಲ ತಡ ಆಗುತ್ತಿದ್ದದ್ದು ಕಂಪ್ಯೂಟರಿನಿಂದ. ಬೈಗುಳ ತಿನ್ನುತ್ತಿದ್ದದ್ದು ಅದು, ಕಾಯುತ್ತಿದ್ದದ್ದು ಅದಕ್ಕಾಗಿ. ಅದು ಉಂಗುರ ಸುತ್ತುತ್ತಿದ್ದಷ್ಟು ಹೊತ್ತು ಮಾವ ಬಿಡುವಾಗಿ ತಮ್ಮ ಮುಂದಿನ ಅಕ್ಷರ ಹುಡುಕಿಕೊಳ್ಳುತ್ತಿದ್ದರು. ನಾನು ಅದನ್ನು ಚುರುಕು ಮಾಡಿದೆ. ಈಗ ತಡವೆಲ್ಲ ಅವರೊಬ್ಬರದ್ದೇ ಆಗಿ, ಎಲ್ಲರ ಕಣ್ಣೆದುರು ಬಂದು ಕೂತಿತು. ನನಗೆ ಅಳು ಬಂತು. ಅಳುವಿನ ಜೊತೆಗೆ ಮಾವನ ಮೇಲೂ ಸಿಟ್ಟು ಬಂತು, ಬಾಯಿಬಿಟ್ಟು ಹೇಳಬಾರದಿತ್ತೇ ಎಂದು. ಆಮೇಲೆ ನನ್ನ ಸಿಟ್ಟು ನೋಡಿ ನನಗೇ ನಾಚಿಕೆಯಾಯಿತು.

ಕಂಬಳಿ ಹಾಗೇ ಬಿಡೋಣವೇ ಎಂದು ಯೋಚಿಸಿದೆ. ತೆಗೆದುಹಾಕಿದ್ದ ಕಸವನ್ನೆಲ್ಲ ಮತ್ತೆ ತುಂಬಿಸಿದರೆ ಮಂದವಾಗುತ್ತದೆ, ಅದು ಕಷ್ಟವೇನಲ್ಲ. ಆದರೆ ಬಿಸಿಗೆ ಒಂದು ದಿನ ಅದು ಪೂರ್ತಿ ಸುಟ್ಟುಹೋದರೆ ಮಾವನ ಮಾತು ಎರಡನೇ ಸಲ ಹೋಗುತ್ತದೆ. ಕಂಬಳಿ ತೆಗೆದು ಮಡಿಸಿ, ಮಾವನ ಕುರ್ಚಿಗೆ ಹಾಸಿದೆ. ಗಂಡನನ್ನೂ ಅತ್ತೆಯನ್ನೂ ಹಿತ್ತಲಿಗೆ ಕರೆದು ವಿಷಯ ಹೇಳಿದೆ. ನನ್ನ ಗಂಡ, "ಇವತ್ತು ಅದು ಸ್ಲೋ ಐತೆ ಅಂತ್ಲೇ ಇಟ್ಕಳಾನ" ಅಂದರು.

ಸಂಜೆ ನಾನು ಒಂದು ಮೊರದ ತುಂಬ ಬೆಳ್ಳುಳ್ಳಿ ತಂದು ಬೆಂಚಿನ ಮೇಲಿಟ್ಟೆ. ಸುಲಿಯುವ ಕೈಗೆ ಕೆಲಸವಿದ್ದರೆ ಕಣ್ಣಿಗೂ ಬಾಯಿಗೂ ಸ್ವಲ್ಪ ಬಿಡುವು. "ಬನ್ನಿ ಮಾವ, ಕಂಪ್ಯೂಟರ್ ಯಾಕೋ ಮತ್ತೆ ಮೊದ್ಲಿನಂಗೇ ಆಗೈತೆ" ಎಂದು ಕರೆದೆ. ಮಾವ ನನ್ನ ಮುಖ ನೋಡಿದರು, ಮಗನ ಮುಖ ನೋಡಿದರು, ನಿಧಾನವಾಗಿ ಬಂದು ಕಂಬಳಿಯ ಮೇಲೆ ಕೂತರು. ನಾವು ಬೆಳ್ಳುಳ್ಳಿ ಸುಲಿಯತೊಡಗಿದೆವು. ಟಕ್ ಎಂದು ಒಂದು ಕೀಲಿಯ ಸದ್ದು. "ಥೂ, ಈ ಡಬ್ಬ ಸರಿ ಹೋಗೋದಲ್ಲ ಬುಡಿ" ಎಂದು ಗಂಡ ತಲೆ ಎತ್ತದೆ ಬೈದರು. "ಅದಕ್ಕೂ ವಯಸ್ಸಾಯ್ತಲ್ಲ" ಎಂದು ಅತ್ತೆ ದನಿಗೂಡಿಸಿದರು. ಟಕ್. ಆನೆ ಈಗ ಹೆಗ್ಗದ್ದೆ ಕಡೆ ಹೋಯಿತಂತೆ ಎಂಬ ಮಾತು ಬಂತು. ಟಕ್. ನನ್ನ ನಾಲಿಗೆ ತುದಿಯಲ್ಲಿ ಪದಗಳು ಕುದಿಯುತ್ತಿದ್ದವು, ಕಚ್ಚಿ ಹಿಡಿದೆ. ಕಾಫಿ ಎರಡನೇ ಸಲ ಬಂತು.

ಮಾವ ಮೇಜಿನ ಮೇಲೆ ಬೆರಳಿನಿಂದ ಕುಟ್ಟಿದಾಗ ಮೂವರೂ ತಲೆ ಎತ್ತಿದೆವು. ಪರದೆಯ ಮೇಲೆ ಇದ್ದದ್ದು ಇಷ್ಟು:

"ಅದಕ್ಕೆ ಬೈಬ್ಯಾಡಿ. ಅದು ಸರಿ ಐತೆ. ನಿಧಾನ ನಾನು."

ನಮಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಮಾವನಿಗೆ ಅಂಥ ಮುಜುಗರವೇನೂ ಇದ್ದಂತೆ ಕಾಣಲಿಲ್ಲ. ಬೆರಳು ಮತ್ತೆ ಕೀಲಿಗಳ ಮೇಲೆ ಹೊರಟಿತು. ಈಗ ಯಾರೂ ಬೆಳ್ಳುಳ್ಳಿ ಮುಟ್ಟಲಿಲ್ಲ, ಡಬ್ಬಕ್ಕೆ ಬೈಯಲಿಲ್ಲ. ನಡುಗುವ ಆ ಬೆರಳನ್ನೇ ನೋಡುತ್ತಾ ಕೂತೆವು. "ಕೆ" ಬಂತು. ಯಾರೂ ಬಾಯಿ ಬಿಡಲಿಲ್ಲ. "ಕೆರೆ" ಆಯಿತು. "ಕೆರೆ ತೂಬು ಮುಚ್ಚಿ. ನೀರು ಹೋಯ್ತಾ ಐತೆ. ಮೊನ್ನೆ ಹೇಳಕ್ಕೆ ಬಂದಿದ್ದು ಅದು."

ಬೇಸಿಗೆಯಲ್ಲಿ ಕಾಫಿ ಹೂವಿಗೆ ನೀರು ಕೊಡುವುದು ಆ ಕೆರೆಯಿಂದಲೇ. ಮಳೆಗಾಲದಲ್ಲಿ ತೆಗೆದ ತೂಬನ್ನು ಮುಚ್ಚಿಸಬೇಕೆಂದು ನಮಗ್ಯಾರಿಗೂ ನೆನಪಿರಲಿಲ್ಲ. ನನ್ನ ಗಂಡ ಟಾರ್ಚು ತೆಗೆದುಕೊಂಡು ಎದ್ದೇಬಿಟ್ಟರು. ಮಾವ ಎಡಗೈ ಎತ್ತಿ ಕೂರಲು ಹೇಳಿದರು. ಹಾಜರಿ ಇನ್ನೂ ಮುಗಿದಿರಲಿಲ್ಲ. ಗಂಡ ಮತ್ತೆ ಕೂತರು.

ಆಮೇಲೆ ಬಂದದ್ದು ನನಗೆ ಎಂದು ಗೊತ್ತಾದದ್ದು ಕೊನೆಯ ಅಕ್ಷರ ಬಿದ್ದ ಮೇಲೆ. ಮಂದಿಯ ಕಥೆಗಳಿಗೆಲ್ಲ ಕೊನೆ ಮೊದಲೇ ಹೇಳುವ ನಾನು ಅದರ ಒಂದಕ್ಷರವನ್ನೂ ಊಹಿಸಿರಲಿಲ್ಲ.

"ಬರೋ ಹಬ್ಬಕ್ಕೆ ಇದನ್ನ ನಾನು ತೊಳೀತೀನಿ ಕಣವ್ವ. ಬ್ರಶ್ಶು ಎತ್ತಿಡು."